ಮುತ್ತರಾಯಪ್ಪನ ಮನೆಯ ತೀರದ ಗ್ಯಾಸು

ಭದ್ರಮ್ಮ ಯಾರನ್ನೂ ನಂಬುವ ಪೈಕಿಯಲ್ಲ. ಹಾಲಿನವಳು ಕಣ್ಣೆದುರಿಗೇ ಹಸು ಕರೆದುಕೊಟ್ಟರೂ ಚೊಂಬನ್ನು ಬೆಳಕಿಗೆ ಹಿಡಿದು ನೋಡುವಳು. ಒಡಹುಟ್ಟಿದ ತಮ್ಮ ವೆಂಕಟರಮಣಪ್ಪ ಸಂತೆಯಿಂದ ಬದನೆಕಾಯಿ ತಂದರೆ ಒಂದೊಂದನ್ನೂ ತಿರುವಿ ಹುಳುಕು ಹುಡುಕುವಳು. "ಯಮ ಬಂದ್ರೂ ಈಯಮ್ಮ ಯಾವೂರಯ್ಯ ನಿಂದು, ಯಾರ ಪೈಕಿ ಅಂತ ವಿಚಾರಿಸ್ಕಂಡೇ ಹೊರಡೋದು" ಎಂದು ರಾಯಕೋಟೆಯ ಅವಳ ಬೀದಿಯವರು ಆಡಿಕೊಳ್ಳುತ್ತಿದ್ದರು. ಅವಳ ಕಿವಿಗೂ ಅದು ಬಿದ್ದಿತ್ತು. ಆಡಿಕೊಂಡವರು ಯಾರು ಎಂಬುದನ್ನೂ ಅವಳು ಪತ್ತೆ ಮಾಡಿಟ್ಟುಕೊಂಡಿದ್ದಳು.

ಇಂಥವಳ ಮುಂದೆ ಕೂತು ಸಂಬಂಧದ ದಲ್ಲಾಳಿ ಹನುಮಯ್ಯ ಹೇಳಿದ್ದ: "ಸೂಳಗಿರಿ ಹತ್ರ ಒಂದು ಮನೆ ಐತೆ ಭದ್ರಕ್ಕ. ಹುಡುಗ ಹೊಸೂರು ಫ್ಯಾಕ್ಟ್ರೀಲಿ ಕೆಲಸಕ್ಕವ್ನೆ, ದಿನಾ ಬಸ್ಸಲ್ಲಿ ಹೋಗ್ಬತ್ತಾನೆ. ಮನೇಲಿ ಸಗಣಿ ಗ್ಯಾಸು. ಹಸ ಇರೋಗಂಟ ಗ್ಯಾಸು ತೀರೋ ಮಾತೇ ಇಲ್ಲ. ಹೊಗೆ ಅನ್ನೋದು ನೋಡ್ಬೇಕಂದ್ರೂ ಸಿಗಾಕಿಲ್ಲ."

ಆ ಕೊನೆಯ ಮಾತಿಗೆ ಭದ್ರಮ್ಮನ ಕೈ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿತು.

ಅದಕ್ಕೆ ಕಾರಣವಿತ್ತು. ತಮ್ಮನ ಮಗಳು ಲಕ್ಷ್ಮಿದೇವಿಗೆ ಉಬ್ಬಸ. ತಾಯಿಯಿಲ್ಲದ ಮಗು, ಗಂಡ ಸತ್ತು ತವರಿಗೆ ಬಂದ ಭದ್ರಮ್ಮನೇ ಅದನ್ನು ಎತ್ತಿ ಆಡಿಸಿ ಇಷ್ಟುದ್ದ ಮಾಡಿದ್ದಳು. ಹುಡುಗಿ ಹೊಲಕ್ಕೆ ಹೋದರೆ ಎರಡಾಳಿನ ಕೆಲಸ ಮಾಡುವಳು. ಒಲೆಯ ಮುಂದೆ ಕೂತಳೋ, ಮುಗಿಯಿತು. ಎದೆಯೊಳಗೆ ಸೀಟಿ ಹೊಡೆದಂತೆ ಸದ್ದು, ತುಟಿ ನೀಲಿ, ಕಣ್ಣು ಮೇಲೆ. ಕೃಷ್ಣಗಿರಿಯ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಮೊದಲು ಹೊಗೆ ಬಿಡಿಸಿ, ಔಷಧಿ ಆಮೇಲೆ." ಅಂದಿನಿಂದ ಹುಡುಗಿಯನ್ನು ಅಡಿಗೆಮನೆಯ ಹೊಸ್ತಿಲು ದಾಟಿಸಿರಲಿಲ್ಲ. ಈ ಸಂಗತಿ ಅಕ್ಕ ತಮ್ಮಂದಿರಿಬ್ಬರಿಗೆ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿಲ್ಲ. ಹನುಮಯ್ಯನಿಗೂ ಗೊತ್ತಿಲ್ಲ; ಗ್ಯಾಸಿನ ಮನೆಯೇ ಆಗಬೇಕು ಎಂದಷ್ಟೇ ಅವನಿಗೆ ಹೇಳಿಟ್ಟಿದ್ದಳು. ದಮ್ಮಿನ ಹುಡುಗಿ ಎಂದು ಒಂದು ಸಲ ಹೆಸರು ಬಿದ್ದರೆ ಸುತ್ತಮುತ್ತ ಯಾವನೂ ತಾಳಿ ಕಟ್ಟಲು ಬರುವುದಿಲ್ಲ. ಹೇಳದೆ ಹೊಗೆಯ ಮನೆಗೆ ಕೊಟ್ಟರೆ ಹುಡುಗಿ ಉಳಿಯುವುದಿಲ್ಲ. ಭದ್ರಮ್ಮನಿಗೆ ಬೇಕಾಗಿದ್ದು ಒಲೆ ಉರಿಯುವ, ಹೊಗೆ ಬಾರದ, ಮತ್ತು ಎಂದೂ ನಿಂತುಹೋಗದ ಬೆಂಕಿ.

ಸಿಲಿಂಡರ್ ಗ್ಯಾಸನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವರ ಬೀದಿಯ ಮೇಷ್ಟರ ಮನೆಯಲ್ಲಿ ಸಿಲಿಂಡರ್ ಇತ್ತು. ಅದು ತೀರಿದರೆ ಇನ್ನೊಂದು ಬರುವವರೆಗೆ ಮೇಷ್ಟರ ಹೆಂಡತಿ ತಿಂಗಳುಗಟ್ಟಲೆ ಸೌದೆ ಊದುತ್ತಾ ಎಲ್ಲರಿಗೂ ಶಾಪ ಹಾಕುವಳು. ಆ ಮಧ್ಯದ ತಿಂಗಳಲ್ಲೇ ಲಕ್ಷ್ಮಿದೇವಿ ಹೋಗಿಬಿಟ್ಟರೆ? ಸಗಣಿ ಗ್ಯಾಸಾದರೆ ಹಾಗಲ್ಲ. ಹಸು ಇವತ್ತು ಹಾಕಿದಂತೆ ನಾಳೆಯೂ ಹಾಕುತ್ತದೆ.

"ಮನೆ ನೋಡ್ಕಂಡ್ ಬರಾನ" ಎಂದಳು ಭದ್ರಮ್ಮ. ಹೆಣ್ಣು ಕೊಡುವವರು ಗಂಡಿನ ಮನೆ ನೋಡಿಬರುವುದು ವಾಡಿಕೆ. ಉಳಿದವರು ಹೋಗಿ ಕಾಫಿ ಕುಡಿದು ಬರುತ್ತಾರೆ. ಭದ್ರಮ್ಮ ನೋಡುವುದಕ್ಕೇ ಹೋದಳು.

ಸೂಳಗಿರಿಯಲ್ಲಿ ಬಸ್ಸಿಳಿದು ಅಕ್ಕ ತಮ್ಮ ನಡೆದು ಬರುವ ಹೊತ್ತಿಗೆ ಹುಡುಗನ ಅಪ್ಪ ಮುತ್ತರಾಯಪ್ಪ ಬಿಳೀ ಪಂಚೆ ಉಟ್ಟು ಬಾಗಿಲಲ್ಲೇ ನಿಂತಿದ್ದ. ಬಾಗಿಲ ಮೇಲೆ ಒಂದು ತಗಡಿನ ಬೋರ್ಡು, ತಮಿಳಿನಲ್ಲಿ. ತಮಿಳು ಶಾಲೆಯಲ್ಲಿ ಕಲಿತಿದ್ದ ವೆಂಕಟರಮಣಪ್ಪ ಜೋರಾಗಿ ಓದಿದ: "ತೀರಾದ ಎರಿವಾಯು ಇಲ್ಲಂ. ಅಂದ್ರೆ ತೀರದ ಗ್ಯಾಸಿನ ಮನೆ ಅಂತ ಅಕ್ಕಯ್ಯ!"

"ಸರ್ಕಾರದೋರೇ ಬಂದು ಹೊಡೆದೋದ್ರು" ಎಂದ ಮುತ್ತರಾಯಪ್ಪ. "ಈ ಸೀಮೇಲಿ ನಮ್ಮದೊಂದೇ ಮನೆ. ಕರೆಂಟಾದ್ರೂ ಹೋದೀತು, ನಮ್ಮ ಗ್ಯಾಸು ಹೋಗಾಕಿಲ್ಲ."

ಭದ್ರಮ್ಮ ಬೋರ್ಡು ನೋಡಲಿಲ್ಲ, ಕೊಟ್ಟಿಗೆ ಎಲ್ಲಿ ಎಂದು ಕೇಳಿದಳು.

ಕೊಟ್ಟಿಗೆಯಲ್ಲಿ ನಾಲ್ಕು ಹಸುಗಳಿದ್ದವು. ಒಳ್ಳೆಯ ಹಸುಗಳೇ. ಆದರೆ ನಾಲ್ಕೂ ಗೋದಲೆಗೆ ಬೆನ್ನು ಹಾಕಿ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದವು. ಮುಂದಿಟ್ಟ ಹುಲ್ಲು ಹಾಗೇ ಇತ್ತು. ಕರೀ ಹಸುವಿನ ಕೆಚ್ಚಲು ಬಿಗಿದು ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು.

"ಇದ್ರ ಹೆಸರೇನಣ್ಣ?"

"ಅದಾ... ಗೌರಿ."

"ಗೌರೀ" ಎಂದು ಭದ್ರಮ್ಮ ಕರೆದಳು. ಹಸು ಕಿವಿ ಅಲ್ಲಾಡಿಸಲಿಲ್ಲ. "ಕರ ಎಲ್ಲಿ ಕಾಣ್ದಲ್ಲ?"

"ಮೇಯಾಕೆ ಹೋಗೈತೆ."

"ಈದು ಇನ್ನೂ ಗಿಣ್ಣಾಲು ಮುಗ್ದಂಗಿಲ್ಲ. ಅದ್ರ ಕರ ಮೇಯಾಕೆ ಹೋಯ್ತಾ? ಭಾರಿ ಚುರುಕಿನ ಕರ ಕಣಣ್ಣ!"

ಮುತ್ತರಾಯಪ್ಪ ಅದಕ್ಕೆ ನಕ್ಕುಬಿಟ್ಟು, "ಬನ್ನಿ, ಬಿಸಿಲು" ಎಂದು ಮನೆಯ ಕಡೆ ತಿರುಗಿದ. ವೆಂಕಟರಮಣಪ್ಪ ಅಕ್ಕನ ಸೆರಗು ಎಳೆದು, "ಬಂದ ಬಾಗ್ಲಲ್ಲೇ ಸುರು ಮಾಡ್ಬ್ಯಾಡ ಮಾರಾಯ್ತಿ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. ಪಾಪ, ಅವನಿಗೆ ಮನೆ ಹಿಡಿಸಿಹೋಗಿತ್ತು. ಅಂಗಳದಲ್ಲಿ ನಿಂತಿದ್ದ ಹುಡುಗ ಚೆನ್ನಕೇಶವನೂ ಹಿಡಿಸಿದ್ದ. ಇಸ್ತ್ರಿ ಮಾಡಿದ ಷರಟು, ತಗ್ಗಿದ ತಲೆ, ಕೇಳಿದ್ದಕ್ಕೆ ಮಾತ್ರ ಉತ್ತರ. ಹುಡುಗನಲ್ಲಿ ಭದ್ರಮ್ಮನಿಗೂ ಎತ್ತಿ ಆಡುವಂಥ ತಪ್ಪು ಸಿಗಲಿಲ್ಲ. ಅದೇ ಅವಳಿಗೆ ಇನ್ನಷ್ಟು ಗುಮಾನಿ.

ಅವಳು ಮನೆಯೊಳಗೆ ಹೋಗದೆ ಹಿತ್ತಿಲಿಗೆ ನಡೆದಳು. ಅಲ್ಲಿ ಗ್ಯಾಸಿನ ಗುಂಡಿಯಿತ್ತು. ಇಟ್ಟಿಗೆಯ ದುಂಡನೆ ಕಟ್ಟೆ, ಅದರೊಳಗೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡ್ರಮ್ಮು. ಗ್ಯಾಸು ತುಂಬಿದರೆ ಆ ಡ್ರಮ್ಮು ಎದೆಯ ಮಟ್ಟಕ್ಕೆ ಏಳುತ್ತದೆ, ಉರಿಸಿದಂತೆ ಇಳಿಯುತ್ತದೆ. ರಾಯಕೋಟೆಯ ಗೌಡರ ಹಿತ್ತಿಲಲ್ಲಿ ಅದನ್ನು ಅವಳಷ್ಟೇ ಅಲ್ಲ, ಊರಿಗೆ ಊರೇ ನೋಡಿತ್ತು. ಇಲ್ಲಿ ಡ್ರಮ್ಮು ತಳ ಕಂಡು ಕೂತಿತ್ತು. ಅದರ ಮೇಲೆ ಯಾರೋ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಪಕ್ಕದ ತೊಟ್ಟಿಯ ಸಗಣಿ ಒಣಗಿ ಹಪ್ಪಳಿಕೆ ಕಟ್ಟಿ, ಬಿರಿದು, ಬಿರುಕಿನಲ್ಲಿ ಗರಿಕೆ ಹುಟ್ಟಿತ್ತು.

'ನಿನ್ನ ಬಾಯಿಗಿಷ್ಟು ಮಣ್ಣು ಹಾಕ ಹನುಮಯ್ಯ' ಎಂದುಕೊಂಡು ಭದ್ರಮ್ಮ ನೆಟ್ಟಗೆ ಅಡಿಗೆಮನೆಗೆ ನುಗ್ಗಿದಳು.

ಅಲ್ಲಿ ಒಲೆ ಭೋರೆಂದು ಉರಿಯುತ್ತಿತ್ತು! ನೀಲಿ ಉರಿ, ಒಂಚೂರೂ ಹೊಗೆಯಿಲ್ಲ. ಕಾಫಿಗೆ ನೀರಿಟ್ಟಿದ್ದರು. ಹುಡುಗನ ತಾಯಿ ಕೊಂಡಮ್ಮ, ಸಣಕಲು ಹೆಂಗಸು, ಗೋಡೆಗೊರಗಿ ನಿಂತಿದ್ದವಳು ಬೆಚ್ಚಿ ಸೆರಗು ಸರಿಮಾಡಿಕೊಂಡಳು.

"ಗುಂಡಿ ಸತ್ತೋಗೈತೆ, ಒಲೆ ಬದುಕೈತೆ. ಇದೇನು ತಾಯಿ ಮಾಟ?" ಎಂದಳು ಭದ್ರಮ್ಮ.

ಕೊಂಡಮ್ಮನ ಕಣ್ಣು ಒಂದು ಗಳಿಗೆ ಪಕ್ಕದ ಕೋಣೆಯ ಕಡೆ ಹೋಗಿಬಂತು. ಭದ್ರಮ್ಮನಿಗೆ ಅಷ್ಟು ಸಾಕು. ಒಲೆಯಿಂದ ಹೊರಟ ರಬ್ಬರ್ ಪೈಪನ್ನು ಹಿಡಿದುಕೊಂಡು ಹೋದಳು. ಪೈಪು ಬಾಗಿಲ ಸಂದಿನಲ್ಲಿ ನುಸುಳಿ, ರಾಗಿ ಮೂಟೆಗಳ ಹಿಂದೆ ಹೋಗಿ, ಒಂದು ಕಂಬಳಿಯೊಳಗೆ ಸೇರಿಕೊಂಡಿತ್ತು. ಕಂಬಳಿ ಎಳೆದಳು. ಕೆಂಪು ಸಿಲಿಂಡರು.

"ವೆಂಕ್ಟರಮಣಾ, ಬಾಲಾ ಇಲ್ಲಿ! ತೀರದ ಗ್ಯಾಸು ಕಂಬ್ಳಿ ಹೊದ್ಕಂಡು ಮಲಗೈತೆ, ಚಳಿಯಂತೆ, ನೋಡ್ಬಾ!"

ಇನ್ನೊಬ್ಬನಾಗಿದ್ದರೆ ಭೂಮಿಗೆ ಇಳಿದುಹೋಗುತ್ತಿದ್ದ. ಮುತ್ತರಾಯಪ್ಪ ಅಂಥ ಕುಳವಲ್ಲ. ನಿಧಾನವಾಗಿ ಬಂದು, ಕಂಬಳಿ ಮಡಿಸಿಟ್ಟು, ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ತಾನೂ ಕೂತ.

"ಇದ್ರಾಗೆ ಮೋಸ ಏನೈತಮ್ಮ? ಗ್ಯಾಸು ಅಂದ್ವಿ, ಗ್ಯಾಸು ಐತೆ."

"ಸಗಣಿ ಗ್ಯಾಸು ಅಂದ್ರಿ."

"ಅದೂ ಇದೂ ಒಂದೇ ಕಣಮ್ಮ. ಅದು ಹಸ ಹೊಟ್ಟೇಲಿ ಹುಟ್ತದೆ, ಇದು ಭೂಮ್ತಾಯಿ ಹೊಟ್ಟೇಲಿ ಹುಟ್ತದೆ. ಮನುಷ್ಯ ಮಾಡಿದ್ದಲ್ಲ, ತಾನಾಗೇ ಆಗಿದ್ದು. ಬೊಂಬಾಯಿ ತಾವ ಸಮುದ್ರದಾಗೆ ಬಾವಿ ತೋಡವ್ರೆ, ಬುಸುಬುಸು ಅಂತ ಬತ್ತಾನೇ ಐತೆ. ಹಸ ತಿನ್ನೋ ಹುಲ್ಲು ಎಲ್ಲಿಂದ ಬಂತು? ಭೂಮಿಯಿಂದ. ಇದೂ ಭೂಮಿಯಿಂದ. ನಡುವೆ ಹಸ ಒಂದು ಇಲ್ಲ, ಅಷ್ಟೇ ವ್ಯತ್ಯಾಸ."

"ಅದೂ ಹೌದಲ್ಲ ಅಕ್ಕಯ್ಯ" ಎಂದ ವೆಂಕಟರಮಣಪ್ಪ. ಭದ್ರಮ್ಮ ಅವನನ್ನು ನೋಡಿದ ರೀತಿಗೆ ಅವನು ಬಾಯಿಮುಚ್ಚಿ ಟವೆಲಿನ ಅಂಚು ಹೆಣೆಯಲು ಶುರುಮಾಡಿದ.

"ಬೋರ್ಡು ಹೊಡೆದ ಆಫೀಸರೇ ಒಪ್ಕಂಡವ್ನೆ" ಎಂದು ಮುತ್ತರಾಯಪ್ಪ ಮುಂದುವರಿಸಿದ. "ಹೋದ ಸಲ ಪರೀಕ್ಷೆಗೆ ಬಂದಾಗ್ಲೂ ಇದೇ ಉರಿ ತೋರಿಸ್ದೆ. ನೀಲಿ ಉರಿ ನೋಡ್ದ, ಕಾಫಿ ಕುಡ್ದ, ಬೋರ್ಡು ಹಂಗೇ ಇರ್ಲಿ ಅಂದ. ಸರ್ಕಾರಕ್ಕೇ ಅದೂ ಇದೂ ಒಂದಾದ್ಮ್ಯಾಕೆ ನಿಂದೇನಮ್ಮ ತಕರಾರು?"

"ನನ್ನ ತಕರಾರು ಒಂದೇ. ಹಸ ನಾಳೆ ಮತ್ತೆ ಸಗಣಿ ಹಾಕ್ತದೆ. ಭೂಮಿ ಹೊಟ್ಟೇದು ಒಂದಿನ ಖಾಲಿಯಾದ್ರೆ ತಿರ್ಗ ತುಂಬ್ಸೋರು ಯಾರು?"

"ಭೂಮೀನೇ ತುಂಬ್ಕತದೆ. ಸತ್ತ ಗಿಡ, ಸತ್ತ ಮೀನು ಎಲ್ಲ ಒಳಕ್ಕೋಗಿ ಕೊಳೆತು ತಿರ್ಗ ಗ್ಯಾಸಾಯ್ತದೆ. ಬೇಕಾದ್ರೆ ನಮ್ಮ ಹುಡುಗನ್ನ ಕೇಳಿ. ಫ್ಯಾಕ್ಟ್ರೀಲಿ ಇಂಜಿನಿಯರುಗಳ ಜೊತೆ ಇರೋನು."

ಎಲ್ಲರೂ ಚೆನ್ನಕೇಶವನ ಕಡೆ ತಿರುಗಿದರು. ಹುಡುಗ ಕಂಬಕ್ಕೆ ಒರಗಿ ನಿಂತಿದ್ದ.

"ಆಯ್ತದೆ" ಎಂದ ಮೆಲ್ಲಗೆ.

"ಎಷ್ಟು ದಿನಕ್ಕೆ?" ಎಂದಳು ಭದ್ರಮ್ಮ.

ಅವನು ಅಪ್ಪನ ಮುಖ ನೋಡಿದ. "ಕೋಟ್ಯಂತರ ವರ್ಷ ಅಂತಾರೆ."

"ಅಲ್ಲೀಗಂಟ ಮುದ್ದೆ ತಿರುವೋದು ಯಾತರ ಮ್ಯಾಲಪ್ಪ?"

ಇದಕ್ಕೆ ಮುತ್ತರಾಯಪ್ಪ ಏನು ಹೇಳುತ್ತಿದ್ದನೋ. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಒಂದು ಎಳೇ ಕರು ಅಂಬಾ ಎಂದು ಕಿರುಚಿಕೊಂಡು, ಕೊರಳಲ್ಲಿ ಹರಿದ ಹಗ್ಗ ಎಳೆದುಕೊಂಡು ಓಡಿಬಂತು. ಕೊಟ್ಟಿಗೆಯಲ್ಲಿ ಗೌರಿ ಎನಿಸಿಕೊಂಡಿದ್ದ ಹಸು ಗೂಟ ಕಿತ್ತುಹೋಗುವಂತೆ ಜಗ್ಗಿ ಕೂಗಿತು. ಕರುವಿನ ಹಿಂದೆಯೇ ಅದರ ಮನೆಯ ಯಜಮಾನಿ ಅಂಜಿನಮ್ಮ ಏದುಸಿರು ಬಿಡುತ್ತಾ ಬಂದವಳು, ಪಡಸಾಲೆಯಲ್ಲಿ ನೆಂಟರನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

"ತಪ್ಪಾಯ್ತು ಮುತ್ರಾಯಣ್ಣ. ನೆಂಟರು ಹೋದ್ಮ್ಯಾಗೇ ಹಸ ಹೊಡ್ಕಂಡೋಗಾನ ಅಂತಿದ್ದೆ. ಕರ ಕೇಳ್ಬೇಕಲ್ಲ."

ಹಾಳಾಗಿಹೋಯಿತು. ಚೆನ್ನಕೇಶವ ತಲೆಯೆತ್ತಲಾರದೆ ಹೊರಗೆ ಹೋದ. ಉಳಿದದ್ದನ್ನು ಮುತ್ತರಾಯಪ್ಪನೇ ಒದರಿದ. ದನ ಮೇಯುತ್ತಿದ್ದ ಹುಲ್ಲುಗಾವಲಿಗೆ ಹೊಸ ಕಾರ್ಖಾನೆಯೊಂದು ಬೇಲಿ ಹಾಕಿತು. ಮೇವಿಲ್ಲದೆ ತನ್ನ ಹಸುಗಳನ್ನು ಮಾರಿಬಿಟ್ಟ. ಗುಂಡಿ ಒಣಗಿತು. ಸಿಲಿಂಡರು, ಆಫೀಸರು ಬಂದಾಗಲೂ ಈಗಲೂ, ಜೂಜುವಾಡಿಯ ಅಂಗಡಿಯವನೊಬ್ಬನಿಂದ ಎರವಲು ತಂದದ್ದು. "ಹೆಣ್ಣಿನೋರು ಗ್ಯಾಸು ಗ್ಯಾಸು ಅಂತ ಒಂದೇ ಸಮ ಕೇಳ್ತಾವ್ರೆ ಅಂದ ಹನುಮಯ್ಯ. ನಾವೇನ್ಮಾಡಾನ?" ಎಂದು ಅವನು ಭದ್ರಮ್ಮನ ಮೇಲೆಯೇ ತಿರುಗಿಬಿದ್ದ. "ಹುಡುಗನ್ನ ಕೇಳೋದ್ ಬುಟ್ಟು ಒಲೆ ಕೇಳೋ ನೆಂಟಸ್ತನ ನಾನು ಹುಟ್ಟಿದಾಗಿಂದ ಕಂಡಿಲ್ಲ!"

ಅಡಿಗೆಮನೆಯಲ್ಲಿ ಒಲೆಯ ಸದ್ದು ಇಳಿದು, ಪುಸ್ ಎಂದು ನಿಂತುಹೋಯಿತು. ಜೂಜುವಾಡಿಯವನು ತೀರಲು ಬಂದ ಸಿಲಿಂಡರನ್ನೇ ಸಾಗಹಾಕಿದ್ದ.

ಭದ್ರಮ್ಮ ಗೆದ್ದಿದ್ದಳು. ಎದ್ದು ಸೆರಗು ಕೊಡವಿ ತಮ್ಮನಿಗೆ "ನಡೀಲಾ" ಎನ್ನಬೇಕು ಅಷ್ಟೇ. ಆದರೆ ಒಳಗಿಂದ ಕೊಂಡಮ್ಮ, "ಕಾಫಿ ಕುಡೀದೆ ಹೋಗ್ಬ್ಯಾಡಿ, ಒಂದು ಗಳಿಗೆ" ಎಂದಳು. ಪುಳ್ಳೆ ಮುರಿಯುವ ಸದ್ದು ಕೇಳಿಸಿತು. ಹಳೇ ಒಲೆ ಹೊತ್ತಿಸುತ್ತಿದ್ದಳು. ಆಮೇಲೆ ಹೊಗೆ ಬಂತು. ಅದರ ಹಿಂದೆ ಕೆಮ್ಮು.

ಆ ಕೆಮ್ಮನ್ನು ಭದ್ರಮ್ಮ ಬಲ್ಲಳು. ಗಂಟಲ ಕೆಮ್ಮಲ್ಲ ಅದು. ಎದೆಯ ತಳದಿಂದ ಕಿತ್ತುಕೊಂಡು ಬಂದು, ಕೊನೆಯಲ್ಲಿ ಸಣ್ಣಗೆ ಸೀಟಿ ಹೊಡೆಯುವ ಕೆಮ್ಮು. ಎಷ್ಟು ಇರುಳು ಆ ಸದ್ದು ಕೇಳುತ್ತಾ ಲಕ್ಷ್ಮಿದೇವಿಯ ಬೆನ್ನು ನೀವಿದ್ದಾಳೆ! ಕಾಲು ತಾನಾಗಿ ಒಳಗೆ ನಡೆಯಿತು. ಕೊಂಡಮ್ಮ ಎರಡೂ ಕೈ ನೆಲಕ್ಕೂರಿ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದಳು. ಭದ್ರಮ್ಮ ಉರಿಯುವ ಸೌದೆಯನ್ನು ಹಿಂದಕ್ಕೆಳೆದು ನೀರು ಚಿಮುಕಿಸಿ, ಹಿತ್ತಿಲ ಬಾಗಿಲು ತೆರೆದು, ಅವಳನ್ನು ಹೊಸ್ತಿಲ ಮೇಲೆ ಕೂರಿಸಿ ಬೆನ್ನು ನೀವಿದಳು. ಕೈಗೆ ರೂಢಿಯಾಗಿದ್ದ ಕೆಲಸ.

ಉಸಿರು ಒಂದಿಷ್ಟು ಹತೋಟಿಗೆ ಬಂದ ಮೇಲೆ ಕೊಂಡಮ್ಮ ಅವಳ ಮುಖವನ್ನೇ ನೋಡಿದಳು.

"ಅಕ್ಕ, ಒಂದು ಕೇಳ್ತೀನಿ. ಹುಡುಗೀಗೆ ದಮ್ಮೈತಾ?"

ಭದ್ರಮ್ಮ ನೀವುತ್ತಿದ್ದ ಕೈ ಹಿಂದಕ್ಕೆಳೆದುಕೊಂಡಳು. ಇದು ಬಲೆ! ಹೌದೆಂದರೆ ಸಾಯಂಕಾಲದೊಳಗೆ ಸೂಳಗಿರಿ ಬಸ್‌ಸ್ಟ್ಯಾಂಡಿಗೆ ಸುದ್ದಿ, ನಾಳೆ ರಾಯಕೋಟೆಗೆ. ಸಿಲಿಂಡರು ಬಯಲಿಗೆಳೆದ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಬೇಕೆ?

"ಅಯ್ಯೋ, ನಮ್ಮ ಹುಡುಗೀಗೇನು ಬಂದೈತೆ ರೋಗ! ಕಲ್ಲುಗುಂಡಿನಂಗವ್ಳೆ" ಎಂದಳು.

"ಹಂಗಿದ್ರೆ ಒಳ್ಳೇದು" ಎಂದಳು ಕೊಂಡಮ್ಮ. ಅವಳ ಮಾತು ತುಂಡುತುಂಡಾಗಿ ಬರುತ್ತಿತ್ತು. "ನೀವು ಬೆನ್ನು ನೀವಿದ್ರಲ್ಲ, ಅದ್ಕೆ ಕೇಳ್ದೆ. ಎಲ್ರೂ ಗುದ್ತಾರೆ. ನೀವು ಕೆಳಗಿಂದ ಮ್ಯಾಕೆ ನೀವಿದ್ರಿ. ದಮ್ಮಿರೋರ್ನ ಸಾಕಿದೋರ ಕೈ ಅದು. ಐತೋ ಇಲ್ವೋ, ನಾನು ಒಂದು ಮಾತು ಹೇಳ್ತೀನಿ, ಆಮ್ಯಾಕೆ ನಿಮ್ಮಿಷ್ಟ. ಈ ಮನೇಗೆ ಗ್ಯಾಸು ತಿರ್ಗ ಬರಾಕಿಲ್ಲ. ಹಸ ತರಾಕೆ ಮೇವಿಲ್ಲ. ಸಿಲಿಂಡ್ರು ಅವ್ರಿವ್ರ್ದು. ಯಾಕೆ ಇಷ್ಟು ಅವಸರದಾಗೆ ಸೊಸೆ ಹುಡುಕ್ತಾವ್ರೆ ಗೊತ್ತಾ? ನನ್ಕೈಲಿ ಈ ಒಲೆ ಮುಂದೆ ಕೂರಾಕಾಯ್ತಾ ಇಲ್ಲ. ನನ್ನ ಜಾಗಕ್ಕೆ ಇನ್ನೊಬ್ಳು ಬೇಕು. ಅದಕ್ಕೇ."

ಭದ್ರಮ್ಮ ಆ ಮಾತಿನಲ್ಲಿ ಹುಳುಕು ಹುಡುಕಿದಳು. ಹುಟ್ಟಿದಾಗಿನಿಂದ ಮಾಡಿದ ಕೆಲಸ ಅದೊಂದೇ. ಈ ಹೆಂಗಸಿಗೆ ಇದನ್ನು ಹೇಳಿ ಏನು ಲಾಭ? ಸೊಸೆ ಬಂದರೆ ಇವಳ ಉಸಿರು ಉಳಿಯುತ್ತದೆ. ಬೇಡವೆಂದು ತಾನೇ ಬಾಗಿಲು ಮುಚ್ಚಿಕೊಳ್ಳುತ್ತಿದ್ದಾಳೆ. ಎಷ್ಟು ತಿರುವಿ ನೋಡಿದರೂ ಹುಳುಕು ಸಿಗಲಿಲ್ಲ. ಅವಳಿಗೆ ದುಃಖ ಉಕ್ಕಿಬಂತು.

"ಐತೆ" ಎಂದಳು. "ಚಿಕ್ಕಂದಿನಿಂದ ಐತೆ. ಯಾರ್ಗೂ ಹೇಳಿಲ್ಲ ತಂಗಿ."

ಕೊಂಡಮ್ಮ ತಲೆಯಾಡಿಸಿದಳು. ಗೋಡೆ ಹಿಡಿದು ಎದ್ದು, ಮುಖ ತೊಳೆದು, ಕುಂಕುಮ ಸರಿಮಾಡಿಕೊಂಡು ಪಡಸಾಲೆಗೆ ಬಂದಳು. ಭದ್ರಮ್ಮ ಹಿಂದೆಯೇ ಬಂದಳು. ಹೇಳಬಾರದಿತ್ತು, ಹೇಳಿಬಿಟ್ಟೆ, ಈಗ ಇವಳು ಎಲ್ಲರೆದುರು ಒದರುತ್ತಾಳೆ. ಅಂಜಿನಮ್ಮ ಬೇರೆ ಕರು ಹಿಡಿದುಕೊಂಡು ಬಾಗಿಲಲ್ಲೇ ಕಿವಿ ನೆಟ್ಟು ನಿಂತಿದ್ದಳು.

"ಈ ಸಂಬಂಧ ನನ್ಗೆ ಬ್ಯಾಡ" ಎಂದಳು ಕೊಂಡಮ್ಮ, ಗಂಡನಿಗೂ ಬೀದಿಗೂ ಕೇಳುವಂತೆ. "ಬಂದ ಮನ್ಯಾಗೆ ಮೂಟೆ ಹಿಂದೆ ಕೈ ಹಾಕಿ ಹುಡುಕೋ ಜನ. ಇವ್ರ ಹೆಣ್ಣು ತಂದ್ರೆ ನಾಳೆ ನನ್ನ ಸೆರಗೂ ಬಿಚ್ಚಿ ನೋಡ್ತಾರೆ. ಹುಡುಗಿ ಚಿನ್ನದಂಥೋಳಂತೆ, ಇರ್ಲಿ. ಅವ್ಳ ಸೋದರತ್ತೇನೇ ನನ್ಗಾಗಾಕಿಲ್ಲ."

ಮುತ್ತರಾಯಪ್ಪ "ಲೇ, ಲೇ" ಎನ್ನುತ್ತಲೇ ಇದ್ದ. ಅವಳು ತಿರುಗಿ ನೋಡಲಿಲ್ಲ.

ಸೂಳಗಿರಿಯಲ್ಲಿ ಬಸ್ಸು ಹತ್ತುವವರೆಗೂ ವೆಂಕಟರಮಣಪ್ಪ ಕುದಿಯುತ್ತಿದ್ದ. ಸುಳ್ಳು ಹೇಳಿದವರು ಅವರು, ಬೈಸಿಕೊಂಡವರು ನಾವು! ಬಸ್ಸು ಹೊರಟ ಮೇಲೆ ಭದ್ರಮ್ಮ ಒಳಗೆ ನಡೆದದ್ದನ್ನು ಮೆಲ್ಲಗೆ ಹೇಳಿದಳು. ಅವನು ಹೌಹಾರಿದ.

"ನಿನ್ಗೇನು ಬುದ್ಧಿ ನೆಟ್ಟಗೈತಾ ಅಕ್ಕಯ್ಯ? ದಮ್ಮಿನ ವಿಷ್ಯ ಅವ್ಳ ಕೈಗೆ ಕೊಟ್ಟು ಬಂದ್ಬುಟ್ಯಾ? ನಾಳೆ ಊರೆಲ್ಲ ಸಾರ್ತಾಳೆ!"

"ಸಾರಾಕಿಲ್ಲ."

"ನಿನ್ಗೆಂಗೆ ಗೊತ್ತು? ಹಾಲಿನೋಳ್ನೇ ನಂಬ್ದೋಳು ನೀನು!"

ಭದ್ರಮ್ಮನ ಕೈಯಲ್ಲಿ ಯಾವ ಪುರಾವೆಯೂ ಇರಲಿಲ್ಲ. ಈ ಹೊತ್ತಿಗೆ ಆ ಹೆಂಗಸು ಮತ್ತೆ ಆ ಒಲೆ ಹೊತ್ತಿಸಿ ರಾತ್ರಿಯ ಮುದ್ದೆಗೆ ಎಸರಿಡುತ್ತಿರುತ್ತಾಳೆ ಎಂಬುದಷ್ಟೇ ಅವಳ ಕಣ್ಣ ಮುಂದಿತ್ತು.

"ನಂಬಿದೀನಿ ಕಣ್ಲಾ, ಸುಮ್ಕಿರು" ಎಂದಳು. ಬಸ್ಸಿನ ಜನ ನೋಡುತ್ತಿದ್ದರೂ ಸೆರಗು ಬಾಯಿಗೆ ಒತ್ತಿಕೊಂಡು ಗಟ್ಟಿಯಾಗಿ ಅತ್ತಳು.